ಸಿನಿಮಾಟ್ರಾನಿಕ್ಸ್ ಏನಾಯಿತೆಂದು ಕೇಳಿದ್ದಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಅಕ್ಕನ ಮಗ ನಾಣ್ಯ ಹಾಕಿ ಆಡುವ ‘ಡ್ರ್ಯಾಗನ್ಸ್ ಲೇರ್’ ಎಂಬ ವಿಡಿಯೋ ಆಟದ ಹಳೆಯ ಯಂತ್ರದ ಚಿತ್ರ ಹಾಕಿ, ಇದನ್ನು ಮಾರುತ್ತಿದ್ದ ಸಿನಿಮಾಟ್ರಾನಿಕ್ಸ್ ಕಂಪನಿ ಏನಾಯಿತು ಮಾಮ ಎಂದು ಕೇಳಿದ್ದ. ನನಗೆ ತುಂಬ ಪ್ರೀತಿಯ ವಿಷಯವಾದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿಯ ಎಲ್ ಕಹೋನ್ ಊರಿನಲ್ಲಿ 1975ರಲ್ಲಿ ಈ ಕಂಪನಿ ಹುಟ್ಟಿತು. ಸ್ಥಾಪಕರಲ್ಲಿ ಗ್ಯಾರಿ ಗ್ಯಾರಿಸನ್ ಮತ್ತು ಡೆನಿಸ್ ಪಾರ್ಟಿ ಎಂಬ ಇಬ್ಬರು ಅಮೆರಿಕನ್ ಫುಟ್‌ಬಾಲ್ ಆಟಗಾರರೂ ಇದ್ದರು. ಮೊದಲ ಆಟಗಳು ಅಷ್ಟಕ್ಕಷ್ಟೆ. ಕಂಪನಿಗೆ ಹೆಸರು ತಂದದ್ದು ಹೊರಗಿನಿಂದ ಬಂದ ಲ್ಯಾರಿ ರೋಸೆಂಥಾಲ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿನಲ್ಲಿ 1962ರಲ್ಲಿ ರೂಪುಗೊಂಡಿದ್ದ ‘ಸ್ಪೇಸ್‌ವಾರ್’ ಆಟವನ್ನು, ನಾಣ್ಯ ಹಾಕಿ ಆಡುವ ಪೆಟ್ಟಿಗೆಯೊಳಕ್ಕೆ ಇಳಿಸುವ ಯಂತ್ರವನ್ನು ಅವರು ಸಿದ್ಧಪಡಿಸಿದ್ದರು. ಲಾಭದಲ್ಲಿ ಅರ್ಧ ಪಾಲು ಬೇಕೆಂಬ ಅವರ ಷರತ್ತಿಗೆ ಸಿನಿಮಾಟ್ರಾನಿಕ್ಸ್ ಒಪ್ಪಿತು. 1977ರಲ್ಲಿ ‘ಸ್ಪೇಸ್ ವಾರ್ಸ್’ ಬಂದು ಭರ್ಜರಿಯಾಗಿ ಗೆದ್ದಿತು.

ಆ ಪರದೆಯ ಸೊಗಸನ್ನು ಹೇಳಲೇಬೇಕು. ಟಿ.ವಿ.ಯಂತೆ ಸಾಲುಸಾಲಾಗಿ ಚಿತ್ರ ತುಂಬುವ ಬದಲು ಎಲೆಕ್ಟ್ರಾನ್ ಕಿರಣವೇ ನೇರವಾಗಿ ಗೆರೆ ಎಳೆಯುತ್ತಿತ್ತು, ರಂಗೋಲಿಯಲ್ಲಿ ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆದ ಹಾಗೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ ಮಾತ್ರ. 1980ರ ‘ಸ್ಟಾರ್ ಕ್ಯಾಸಲ್’ ಆಟದ ವರ್ತುಲಗಳಿಗೆ ಬಣ್ಣ ಕಾಣಲೆಂದು ಪರದೆಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟಿದ್ದರು.

ರೋಸೆಂಥಾಲ್ ಮಾತ್ರ ಬಹಳ ಕಾಲ ನಿಲ್ಲಲಿಲ್ಲ. ಹೊರನಡೆದು ‘ವೆಕ್ಟರ್‌ಬೀಮ್’ ಎಂಬ ಸ್ವಂತ ಕಂಪನಿ ತೆರೆದರು. ಮುಂದೆ ಅದನ್ನೂ ಸಿನಿಮಾಟ್ರಾನಿಕ್ಸ್ ಕೊಂಡುಕೊಂಡಿತು. ಆ ಅಂತರದಲ್ಲಿ ಸಿನಿಮಾಟ್ರಾನಿಕ್ಸನ್ನು ಹೊತ್ತವರು ಆಟಗಳನ್ನು ರೂಪಿಸುತ್ತಿದ್ದ ಟಿಮ್ ಸ್ಕೆಲ್ಲಿ. ಇಬ್ಬರು ಎದುರಾಳಿಗಳಾಗದೆ ಜೊತೆಗೂಡಿ ಕಳ್ಳ ಟ್ಯಾಂಕುಗಳಿಂದ ಇಂಧನದ ಡಬ್ಬಗಳನ್ನು ಕಾಯುವ ಅವರ ‘ರಿಪ್ ಆಫ್’ (1980) ನನ್ನ ಲೆಕ್ಕದಲ್ಲಿ ಈ ಕಂಪನಿಯ ಅತ್ಯುತ್ತಮ ಆಟ. ಅವರೂ ಬಿಟ್ಟುಹೋದರು. 1982ರಲ್ಲಿ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಬೇಕಾಯಿತು.

ಮತ್ತೆ ಕೈಹಿಡಿದವರೂ ಹೊರಗಿನವರೇ. ಆಟ ವಿನ್ಯಾಸಕ ರಿಕ್ ಡೈಯರ್ ಕಲ್ಪನೆ, ಅನಿಮೇಷನ್ ಕಲಾವಿದ ಡಾನ್ ಬ್ಲೂತ್ ತಂಡ ಕೈಯಿಂದ ಬಿಡಿಸಿದ ಚಿತ್ರಗಳು ಸೇರಿ 1983ರ ಬೇಸಿಗೆಯಲ್ಲಿ ‘ಡ್ರ್ಯಾಗನ್ಸ್ ಲೇರ್’ ಬಂದಾಗ, ಒಂದು ಆಟಕ್ಕೆ 25 ಸೆಂಟಿನ ಬದಲು 50 ಸೆಂಟ್ ಕೊಟ್ಟು ಜನ ಸಾಲುಗಟ್ಟಿದರು. ಮಗೂ, ನೀನು ಹಾಕಿದ ಚಿತ್ರದಲ್ಲಿ ಅಂಕ ತೋರಿಸುವ ಫಲಕ ಪರದೆಯಿಂದ ಬೇರೆಯಾಗಿದೆ, ಗಮನಿಸು. ದೃಶ್ಯವೆಲ್ಲ ಲೇಸರ್ ಡಿಸ್ಕ್ ಎಂಬ ವಿಡಿಯೋ ತಟ್ಟೆಯಲ್ಲಿ ಮೊದಲೇ ಅಚ್ಚಾಗಿದ್ದರಿಂದ ಅಂಕಗಳಿಗೆ ಪ್ರತ್ಯೇಕ ಫಲಕ ಇಟ್ಟಿದ್ದರು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಡಿಸ್ಕ್ ಹುಡುಕುವಾಗ ಪರದೆ ಕ್ಷಣಕಾಲ ಕಪ್ಪಾಗುತ್ತಿತ್ತು. ದಿನವಿಡೀ ಹೀಗೆ ಹಿಂದೆಮುಂದೆ ಓಡಿ ಸವೆದ ಡಿಸ್ಕ್ ಪ್ಲೇಯರ್‌ಗಳು ಪದೇ ಪದೇ ಕೆಡುತ್ತಿದ್ದವು. ಒಮ್ಮೆ ಚಲನೆಗಳನ್ನು ಬಾಯಿಪಾಠ ಮಾಡಿಕೊಂಡವರಿಗೆ ಮತ್ತೆ ಆಡುವ ಆಸೆಯೂ ಉಳಿಯುತ್ತಿರಲಿಲ್ಲ. ಲೇಸರ್ ಡಿಸ್ಕಿನ ಅಲೆ ಬೇಗನೆ ಇಳಿಯಿತು.

1987ರಲ್ಲಿ ಟ್ರೇಡ್‌ವೆಸ್ಟ್ ಎಂಬ ಇನ್ನೊಂದು ವಿಡಿಯೋ ಆಟಗಳ ಕಂಪನಿ ಸಿನಿಮಾಟ್ರಾನಿಕ್ಸನ್ನು ಕೊಂಡು ‘ಲೀಲ್ಯಾಂಡ್ ಕಾರ್ಪೊರೇಷನ್’ ಎಂದು ಹೆಸರು ಬದಲಿಸಿತು. ಸಿನಿಮಾಟ್ರಾನಿಕ್ಸ್ ಎಂಬ ಹೆಸರು ಹೊಸ ಯಂತ್ರಗಳ ಮೇಲಿಂದ ಮರೆಯಾದದ್ದು ಹಾಗೆ.