ಇಚಿರೊ ಸುಜುಕಿ ಇನ್ನೂ ಆಡ್ತಾರಾ?

ಪ್ರಶ್ನೆ (ದಾವಣಗೆರೆ): ನಮ್ಮ ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ಬಿಟ್ಟು ಬೇರೆ ನೋಡಿದವನಲ್ಲ ನಾನು. ಜಪಾನಿನ ಬೇಸ್‌ಬಾಲ್ ಆಟಗಾರ ಇಚಿರೊ 2019ರಲ್ಲೇ ನಿವೃತ್ತಿಯಾದರು ಅಲ್ವಾ? ಮತ್ತೆ ಹುಡುಗಿಯರ ತಂಡಕ್ಕೆ ಚೆಂಡು ಎಸೆಯೋ ವಿಡಿಯೋ ಬಂತಲ್ಲ, ಏನದು?

ಉತ್ತರ 1: ಪ್ರದರ್ಶನ ಪಂದ್ಯ ಗುರು. ಜಪಾನಿನ ಹೈಸ್ಕೂಲ್ ಹುಡುಗಿಯರ ಆಯ್ದ ತಂಡದ ಎದುರು 2021ರಿಂದ ಆಡುತ್ತಿದ್ದಾರೆ. ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಅವರೇ. ಸುಮ್ನೆ ಮೆಲ್ಲಗೆ ಎಸೆದು ಕಳಿಸೋದಿಲ್ಲ, ಜೋರಾಗಿಯೇ ಎಸೆಯುತ್ತಾರೆ.

ಉತ್ತರ 2: ಅಮೆರಿಕದ ಮೇಜರ್ ಲೀಗ್‌ಗೆ ಹೋದಾಗಲೇ 27 ವರ್ಷ, ಆದರೂ ಅಲ್ಲಿ 3,089 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪೋದು) ಹೊಡೆದರು, ಅದರಲ್ಲಿ 2004ರ ಒಂದೇ ಸೀಸನ್‌ನಲ್ಲಿ 262, ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. 2025ರಲ್ಲಿ ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಗೆ, ಮತದಾನದಲ್ಲಿ ಆಯ್ಕೆಯಾಗಿ ಸೇರಿದರು. ಸರ್ವಾನುಮತಕ್ಕೆ ಒಂದೇ ಒಂದು ಮತ ಕಮ್ಮಿ! ಆ ಪುಣ್ಯಾತ್ಮ ಏನು ನೋಡ್ತಿದ್ದನೋ.

ಉತ್ತರ 3: ಅಣ್ಣ, ಹಾಲ್ ಆಫ್ ಫೇಮ್ ಭಾಷಣದಲ್ಲಿ ಇಚಿರೊ ಅದನ್ನೇ ಹಿಡಿದು ಕಾಲೆಳೆದರು. ಮತ ಹಾಕದವರಿಗೆ ಕೊಟ್ಟಿದ್ದ ಊಟದ ಆಹ್ವಾನದ ಅವಧಿ ಮುಗಿಯಿತು ಅಂದರು.