ಜಬೋಟಿನ್‌ಸ್ಕಿ ದಿನದ ತಾರೀಖು ಪ್ರತಿ ವರ್ಷ ಬೇರೆ ಯಾಕೆ?

ಪ್ರಶ್ನೆ (ರಾಯಚೂರಿನಿಂದ): ಪರೀಕ್ಷೆಗೆ ಓದ್ತಿದ್ದೀನಿ. ಇಸ್ರೇಲಿನ ಜಬೋಟಿನ್‌ಸ್ಕಿ ದಿನ ಒಂದು ಕಡೆ 2023ರ ಜುಲೈ 18, ಇನ್ನೊಂದು ಕಡೆ 2024ರ ಆಗಸ್ಟ್ 4 ಅಂತಿದೆ. ಯಾವುದು ಸರಿ? ನಮ್ಮ ವಿಮೋಚನಾ ದಿನ ಯಾವ ವರ್ಷವಾದ್ರೂ ಸೆಪ್ಟೆಂಬರ್ 17ಕ್ಕೇ ಬರುತ್ತಲ್ಲ.

ಗಂಗಾವತಿ, ನಿವೃತ್ತ ಇತಿಹಾಸ ಮೇಷ್ಟ್ರು: ಎರಡೂ ಖರೆ ಅದಾವ ತಮ್ಮಾ. ಅದು ಯಹೂದಿಗಳಿಗೆ ಸ್ವಂತ ದೇಶ ಬೇಕು ಅಂತ ಹೋರಾಡಿದ ನಾಯಕ ಜಬೋಟಿನ್‌ಸ್ಕಿ ಅವರ ಪುಣ್ಯತಿಥಿ, ಯಹೂದಿ ಪಂಚಾಂಗದ ತಮ್ಮೂಜ್ ತಿಂಗಳ 29. ಅದನ್ನೇ ಬರ್ಕೋ. ನಮ್ಮ ಬಸವ ಜಯಂತಿ 2024ರಾಗ ಮೇ 10ಕ್ಕ ಬಂದು, 2025ರಾಗ ಏಪ್ರಿಲ್ 30ಕ್ಕ ಬರಲಿಲ್ಲೇನು? ಹಂಗೇ ಇದು. ಅವರಿಗೂ ಅಧಿಕ ಮಾಸ ಐತಿ, 19 ವರ್ಷಕ್ಕ ಏಳು. ನೀ ಹೇಳಿದ ಎರಡು ತಾರೀಖಿನ ನಡುವ ಅದಾರ್ ತಿಂಗಳು ಎರಡು ಸಲ ಬಂತು, ಅದಕ್ಕ ದಿನ ಮುಂದ ಹೋತು.

ಆದ್ರ ತಾರೀಖಿಗಿಂತ ಈ ಕಥಿ ತಿಳ್ಕೋಬೇಕು. 1880ರಾಗ ಒಡೆಸ್ಸಾದಾಗ ಹುಟ್ಟಿದ ಮನಿಷ್ಯಾ, 1940ರ ಆಗಸ್ಟ್‌ನಾಗ ನ್ಯೂಯಾರ್ಕ್ ರಾಜ್ಯದಾಗ ತೀರಿಕೊಂಡ. ಮುಂದ ಹುಟ್ಟೋ ಯಹೂದಿ ಸರ್ಕಾರ ಆಜ್ಞೆ ಮಾಡಿದ್ರ ಮಾತ್ರ ನನ್ನ ಅಸ್ಥಿ ಅಲ್ಲಿಗೆ ಒಯ್ಯಿರಿ ಅಂತ ಉಯಿಲಿನಾಗ ಬರೆದಿಟ್ಟಿದ್ದ. 1948ಕ್ಕ ಸರ್ಕಾರ ಬಂತು, ಆಜ್ಞೆ ಬರಲಿಲ್ಲ. ಪ್ರಧಾನಿ ಬೆನ್ ಗುರಿಯನ್ ಹಳೇ ರಾಜಕೀಯ ವಿರೋಧಿ, ಒಪ್ಪಲೇ ಇಲ್ಲ. ಬೆನ್ ಗುರಿಯನ್ ಪಕ್ಷದವನೇ ಆದ ಲೆವಿ ಎಶ್ಕೋಲ್ ಪ್ರಧಾನಿ ಆದ ಮ್ಯಾಲೆ, 1964ರಾಗ ಜೆರುಸಲೇಮಿನ ಹರ್ಜ್ಲ್ ಬೆಟ್ಟದಾಗ ಮಣ್ಣು ಸಿಕ್ತು. ಸತ್ತ ವಿರೋಧಿಗೂ ಅವನ ಜಾಗ ಕೊಡಬೇಕು. ಎಶ್ಕೋಲ್ ಬಗ್ಗೆ ನನಗ ಗೌರವ ಇರೋದು ಇದಕ್ಕೇ. ಈ ದಿನಕ್ಕ ಕಾನೂನು ಆಗಿದ್ದು 2005ರಾಗ.

ಬಳ್ಳಾರಿಯಿಂದ: ಸರ್, ಆ ನೆಲದ ಅರಬರ ಬಗ್ಗೆ ಇವರು ಏನಂದಿದ್ರು? ಅದನ್ನ ಬಿಟ್ಟು ಬರೀ ಗೌರವ ಅಂದ್ರೆ ಅರ್ಧ ಇತಿಹಾಸ ಆಗಲ್ವಾ?

ಗಂಗಾವತಿ ಮೇಷ್ಟ್ರು: ಕೇಳಲೇಬೇಕಾದ ಮಾತು. 1923ರ ‘ಕಬ್ಬಿಣದ ಗೋಡೆ’ ಲೇಖನದಾಗ ಮುಚ್ಚುಮರಿ ಇಲ್ದ ಬರ್ದಾನ: ಯಾವ ನೆಲದ ಜನಾನೂ ಹೊರಗಿಂದ ಬಂದು ನೆಲಸೋರನ್ನ ತಾವಾಗಿ ಒಪ್ಪಂಗಿಲ್ಲ, ಅರಬರೂ ಒಪ್ಪಂಗಿಲ್ಲ, ಆದ್ದರಿಂದ ಬಲದ ಗೋಡೆ ಹಿಂದ ನಿಂತೇ ನೆಲಸಬೇಕು. ಅದೇ ಲೇಖನದಾಗ ಅರಬರನ್ನ ಹೊರಗ ಹಾಕೋದನ್ನ ಒಪ್ಪಂಗಿಲ್ಲ, ಸಮಾನ ಹಕ್ಕು ಬೇಕು ಅಂತಾನ. ಒಪ್ಪಿಗಿ ಇಲ್ದ ಬಲದಿಂದ ನೆಲಸಿ, ಆಮ್ಯಾಲೆ ಸಮಾನತೆ ಹೆಂಗ ಕೊಡ್ತಾರ? ನನಗಂತೂ ಅದು ಒಪ್ಪಿಗಿ ಆಗಿಲ್ಲ. ಆದ್ರ ನಿವಾಸಿಗಳ ವಿರೋಧ ಸಹಜ ಅಂತ ಆ ಕಾಲದಾಗೇ ಬಾಯಿಬಿಟ್ಟು ಹೇಳಿದ್ದ. ಲೇಖನ ದೊಡ್ಡದೇನಲ್ಲ, ಇಬ್ಬರೂ ಪೂರಾ ಓದ್ರಿ.