ಸಂಕ್ರಾಂತಿಗೆ ಗೆಳತಿಯರಿಗೆ ಕುಸುರೆಳ್ಳು, ಕೈಬರಹದ ಕಾರ್ಡು: ಹೇಗೆ ಕಳಿಸಲಿ?

ಬ್ರಹ್ಮಪುರದವಳು, ಕಲಬುರಗಿ

ಕಲಬುರಗಿಯಲ್ಲಿ 1997ರಿಂದ ಮೂರು ವರ್ಷ ನಾವು ಐವರು ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಸಂಕ್ರಾಂತಿಗೆ ಊರಿಗೆ ಹೋಗಿ ಬಂದರೆ ಒಬ್ಬಳ ಚೀಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಇನ್ನೊಬ್ಬಳದರಲ್ಲಿ ಶೇಂಗಾ ಹೋಳಿಗೆ. ಈಗ ಒಬ್ಬಳು ಪುಣೆಯಲ್ಲಿ, ಒಬ್ಬಳು ಹೈದರಾಬಾದಿನಲ್ಲಿ, ಉಳಿದಿಬ್ಬರು ಸೇಡಂ ಮತ್ತು ಬಸವಕಲ್ಯಾಣದಲ್ಲಿ.

ಕಳೆದ ಸಂಕ್ರಾಂತಿಗೆ ಮೊಬೈಲಿಗೆ ಬಂದ ಶುಭಾಶಯದ ಚಿತ್ರವೊಂದನ್ನು ನಾಲ್ವರಿಗೂ ಹಾಗೆಯೇ ದಾಟಿಸಿಬಿಟ್ಟೆ. ಪುಣೆಯವಳ ತಾಯಿ ತೀರಿಕೊಂಡು ಆಗ ಹದಿನೈದು ದಿನವೂ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಶೇಂಗಾ ಹೋಳಿಗೆ ಕಟ್ಟಿ ಕಳಿಸುತ್ತಿದ್ದವರು ಆ ತಾಯಿಯೇ, ತಲೆಗೆ ಎರಡರಂತೆ ಎಣಿಸಿ ಹತ್ತು. ಆ ನೋವು ನನ್ನಲ್ಲಿ ಇನ್ನೂ ಹಾಗೆಯೇ ಇದೆ.

ಈ ಸಲ ನಾಲ್ವರಿಗೂ ಕೈಯಾರೆ ಮಾಡಿ ಕಳಿಸಬೇಕು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಕಾರ್ಡು ಮಾಡಿಟ್ಟಿದ್ದೇನೆ. ಎಳ್ಳಿಗೆ ಸಕ್ಕರೆ ಪಾಕ ಹಿಡಿಸಿ ಮಾಡುವ ಕುಸುರೆಳ್ಳು ಮಾತ್ರ ಕಂದುಬಣ್ಣಕ್ಕೆ ತಿರುಗಿತು, ಮೇಲೆ ಸಕ್ಕರೆಯ ಮುಳ್ಳೇ ಏಳಲಿಲ್ಲ. ಪುಣೆಗೆ ಕೆಡದೆ ಏನು ತಲುಪುತ್ತದೆ? ಹೈದರಾಬಾದಿನವಳಿಗೆ ಸಕ್ಕರೆ ಕಾಯಿಲೆ. ಕಾರ್ಡಿನಲ್ಲಿ ಏನು ಬರೆಯಲಿ?

ಶಹಾಪುರದ ಅಕ್ಕ

ತಂಗಿ, ಉರಿ ಹೆಚ್ಚಾಗಿದೆ. ಅಗಲವಾದ ಪಾತ್ರೆಯಲ್ಲಿ ಬಿಳಿ ಎಳ್ಳು ಬೆಚ್ಚಗಾದರೆ ಸಾಕು. ಪಾಕಕ್ಕೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆದರೆ ಕುಸುರೆಳ್ಳು ಬೆಳ್ಳಗಾಗುತ್ತದೆ. ಪಾಕವನ್ನು ಒಂದೊಂದೇ ಚಮಚ ಬಿಟ್ಟು ಬೆರಳಲ್ಲಿ ಆಡಿಸುತ್ತಿರಬೇಕು, ಅದು ಒಣಗಿದ ಮೇಲೆಯೇ ಇನ್ನೊಂದು ಚಮಚ. ಬೆಳಗಿನ ಚಳಿಯಲ್ಲಿ ಕುಳಿತುಕೊಳ್ಳಿ. ಒಂದೇ ದಿನಕ್ಕೆ ಮುಗಿಸುವ ಆತುರ ಬೇಡ. ನಮ್ಮ ಅತ್ತೆ ನಾಲ್ಕು ದಿನ ಮಾಡುತ್ತಿದ್ದರು.

ಪುಣೆಗೆ ಶೇಂಗಾ ಹೋಳಿಗೆಯನ್ನೇ ಕಳಿಸಿ. ಹೂರಣವನ್ನು ಬೇಯಿಸುವುದಿಲ್ಲವಾದ್ದರಿಂದ ಕಡಲೆಬೇಳೆ ಹೋಳಿಗೆಯಂತೆ ಬೇಗ ಹಳಸುವುದಿಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಬೆಲ್ಲ ಮತ್ತು ಏಲಕ್ಕಿಯೊಂದಿಗೆ ಕುಟ್ಟಿ. ಬೇಯಿಸಿದ ಹೋಳಿಗೆಗಳನ್ನು ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಲ್ಲಿ ಮುಚ್ಚಿದರೆ ಬೆವರಿ ಬೂಸು ಹಿಡಿಯುತ್ತದೆ. ಹೈದರಾಬಾದಿಗೆ ಅಗಸೆ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಹೋಗಲಿ. ಕಟಕ ರೊಟ್ಟಿ ಬೇಡ, ದಾರಿಯಲ್ಲೇ ಪುಡಿಯಾಗುತ್ತದೆ.

ಬೀದರಿನ ಮಾಸ್ತರ

ತಾಯೀ, ಕಾರ್ಡಿನಲ್ಲಿ ಎಲ್ಲರಿಗೂ ಒಂದೇ ಮಾತು ಬರೆಯಬೇಡಿ. ನಿಮಗೂ ಅವರಿಗೂ ಮಾತ್ರ ಗೊತ್ತಿರುವ ಒಂದು ಸಂಗತಿ ಸಾಕು. 2003ರಲ್ಲಿ ನನ್ನ ಗೆಳೆಯನೊಬ್ಬ ಅಂಚೆ ಕಾರ್ಡಿನಲ್ಲಿ, "ನಾವು ನೆಟ್ಟ ಬೇವು ಈಗ ಛಾವಣಿ ಮುಟ್ಟಿತೇ?" ಎಂದಷ್ಟೇ ಕೇಳಿದ್ದ. ಅಂಗಳಕ್ಕೆ ಹೋಗಿ ಬೇವನ್ನು ನೋಡಿ ಬಂದು ಉತ್ತರ ಬರೆದೆ. ಆ ಕಾರ್ಡು ನನ್ನ ಕಪಾಟಿನಲ್ಲಿದೆ.

ತಾಯಿಯ ವಿಷಯ ಎತ್ತಲು ಹಿಂಜರಿಯಬೇಡಿ. ನನ್ನ ಅವ್ವ ಹೋದಾಗ ಎಲ್ಲರೂ "ಧೈರ್ಯ ತಂದುಕೊಳ್ಳಿ" ಎಂದರು. ಅವಳು ಮಾಡುತ್ತಿದ್ದ ಪುಂಡಿಪಲ್ಯದ ರುಚಿಯನ್ನು ಒಬ್ಬನೇ ನೆನೆದ. ನನಗೆ ಸಮಾಧಾನ ಸಿಕ್ಕಿದ್ದು ಅವನ ಮಾತಿನಿಂದ.

ಬ್ರಹ್ಮಪುರದವಳು, ಕಲಬುರಗಿ

ಅಕ್ಕಾ, ಇಂದು ಮೂರನೆಯ ಬೆಳಗು, ಎಳ್ಳಿಗೆ ಸಣ್ಣ ಮುಳ್ಳು ಎದ್ದಿವೆ! ಹಿಂಡಿಯನ್ನು ನಾಳೆ ಕುಟ್ಟುತ್ತೇನೆ. ಸೇಡಂ, ಬಸವಕಲ್ಯಾಣಗಳಿಗೆ ನಾನೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತೇನೆ. ಅವರ ಮುಖ ನೋಡಿ ಆರು ವರ್ಷವಾಯಿತು.

ಮಾಸ್ತರರೇ, ಪುಣೆಯ ಕಾರ್ಡನ್ನು ನಾಲ್ಕು ಸಲ ಬರೆದು ಹರಿದು, ಕೊನೆಗೆ ಹೀಗೆ ಬರೆದೆ: "ಕಳೆದ ವರ್ಷ ಏನೂ ತಿಳಿಯದೆ ಚಿತ್ರ ಕಳಿಸಿದ್ದೆ, ಕ್ಷಮಿಸು. ಅಮ್ಮ ಎಣಿಸಿ ಕಟ್ಟುತ್ತಿದ್ದಂತೆ ಹತ್ತು ಹೋಳಿಗೆ ಇಟ್ಟಿದ್ದೇನೆ. ಈ ಸಲ ಹತ್ತೂ ನಿನಗೇ."